ರತ್ನಮ್ಮ ಹಿಡಿದ ದಾರ

ನಮ್ಮ ಹೊಸ ಮನೆಗೆ ಪಾಯ ತೋಡಲು ಜೆಸಿಬಿ ಬಕೆಟ್ ಎತ್ತುತ್ತಿದ್ದಂತೆ ಪಕ್ಕದ ಜಮೀನಿನ ರತ್ನಮ್ಮ ಬದು ದಾಟಿ ಬಂದು ಎದುರಿಗೇ ನಿಂತರು. ಜಂಗಮಕೋಟೆ ಬಳಿಯ ಆ ಜಾಗದ ಗಡಿಗಾಗಿ ನಮಗಿಬ್ಬರಿಗೂ ಕೋರ್ಟಿನಲ್ಲಿ ಕೇಸು ನಡೆಯುತ್ತಿತ್ತು. ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ತಡೆಯಾಜ್ಞೆ ತಂದಿರಬೇಕೆಂದು ನಾನೂ ಜಗಳಕ್ಕೆ ಸಿದ್ಧನಾದೆ.

“ಹುಳ ಚಂದ್ರಿಕೆಗೆ ಬಿಟ್ಟಿದೀನಿ ಕಣಪ್ಪ. ಧೂಳು ಕೂತ್ರೆ ಗೂಡು ಕೆಟ್ಟೋಗ್ತವೆ. ಅವು ಕಟ್ಕೊಂಡ್ಮೇಲೆ ನೀನು ಕಟ್ಕೋ” ಎಂದರು.

ಅವರ ಮನೆ ಮುಂದಿನ ಚಪ್ಪರದಡಿ, ಬಿದಿರಿನ ಚಂದ್ರಿಕೆ ತಟ್ಟಿಗಳ ತುಂಬ ರೇಷ್ಮೆಹುಳುಗಳು ನೂಲು ಸುತ್ತಿಕೊಳ್ಳುತ್ತಿದ್ದವು. ಹುಳು ಸಾಕುವ ಊರಿನಲ್ಲಿ ಈ ಮಾತಿಗೆ ಯಾರೂ ಎದುರಾಡುವುದಿಲ್ಲ. ಮುಹೂರ್ತ ಮೀರುತ್ತದೆಂದು ಮೇಸ್ತ್ರಿ ಗೊಣಗಿದರೂ ಜೆಸಿಬಿ ವಾಪಸು ಕಳಿಸಿದೆ.

ಗೂಡು ಮಾರುಕಟ್ಟೆಗೆ ಹೋದ ಮರುದಿನ ಪಾಯದ ಗುರುತಿಗೆ ಮತ್ತೆ ದಾರ ಎಳೆಯುತ್ತಿದ್ದೆವು. ರತ್ನಮ್ಮ ತಾವಾಗಿಯೇ ಬಂದು ದಾರದ ಇನ್ನೊಂದು ತುದಿ ಹಿಡಿದು, ಬದುವಿನ ಹೊಂಗೆ ಗಿಡದ ಪಕ್ಕ ನಿಂತರು. ನಾನು ನನ್ನದೆಂದು ವಾದಿಸುತ್ತಿದ್ದ ಗಡಿಗಿಂತ ಅದು ಒಂದು ಗೇಣು ನನ್ನ ಕಡೆಗೆ, ಅಷ್ಟೇ.

“ಕೇಸು ಅದರ ಪಾಡಿಗೆ ಇರ್ಲಿ. ಇಲ್ಲಿಂದ ಆಚೆ ಬರಬೇಡ” ಎಂದರು.

ಕೇಸು ಇನ್ನೂ ಮುಗಿದಿಲ್ಲ. ಆ ಕಡೆಯ ಗೋಡೆ ಮಾತ್ರ ಅವರು ದಾರ ಹಿಡಿದು ನಿಂತಲ್ಲೇ ಎದ್ದಿದೆ. ವಾಯಿದೆಯ ದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಕೋರ್ಟಿಗೆ ಹೋಗಿ ಬರುತ್ತೇವೆ.