ಅಮಾವಾಸ್ಯೆಯ ಮರುದಿನ ಕೆಡುತ್ತಿದ್ದ ಲಿಫ್ಟು

ಕೊರೋನಾ ಹೋಗಿ, ಮಾಸ್ಕುಗಳೆಲ್ಲ ಬೈಕಿನ ಸೀಟು ಒರೆಸುವ ಬಟ್ಟೆಗಳಾಗಿದ್ದ ವರ್ಷ ಅದು. ನಾನಾಗ ಬೀದರಿನ ಒಂದು ಲಿಫ್ಟ್ ಸರ್ವಿಸ್ ಏಜೆನ್ಸಿಯಲ್ಲಿ ಸೀನಿಯರ್ ಟೆಕ್ನೀಷಿಯನ್ ಆಗಿದ್ದೆ. ಸೀನಿಯರ್ ಎಂದರೆ ಏನೋ ದೊಡ್ಡದು ಎಂದುಕೊಳ್ಳಬೇಡಿ. ನನಗಿಂತ ಮೊದಲಿದ್ದವನು ಹೈದರಾಬಾದಿಗೆ ಹೋಗಿದ್ದ, ನನ್ನ ನಂತರ ಯಾರೂ ಬಂದಿರಲಿಲ್ಲ. ಬೀದರ್ ನಗರ, ಭಾಲ್ಕಿ, ಔರಾದ್ ಮೂರೂ ನನ್ನ ಪಾಲಿಗೆ ಬಂದಿದ್ದವು. ಔರಾದಿನಲ್ಲಿ ಲಿಫ್ಟುಗಳೇ ಕಡಿಮೆ. ಆದರೆ ಅದು ನನ್ನೂರು, ಡ್ಯೂಟಿ ಬಿದ್ದರೆ ಅವ್ವನ ಕೈಯ ಊಟ ಖಾತ್ರಿ ಎಂದು ನಾನೇ ಕೇಳಿ ಹಾಕಿಸಿಕೊಂಡಿದ್ದೆ.

ಇನ್ನೊಂದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಕಂಡವರ ದನಿ ತೆಗೆಯುವ ಚಟ. ಶಾಲೆಯಲ್ಲಿ ಹೆಡ್‌ಮಾಸ್ತರರ ದನಿಯಲ್ಲಿ ರಜೆ ಕೊಟ್ಟು ಇಡೀ ತರಗತಿಯನ್ನು ಮನೆಗೆ ಕಳಿಸಿ, ಮರುದಿನ ಆ ರಜೆಯ ಬಡ್ಡಿಯನ್ನು ಬೆನ್ನ ಮೇಲೆ ವಸೂಲು ಮಾಡಿಸಿಕೊಂಡವನು ನಾನು. ಕೆಲಸಕ್ಕೆ ಸೇರಿದ ಮೇಲೆ ಲಿಫ್ಟಿನ ದನಿಯನ್ನೇ ಕಲಿತೆ. ಹಳೆಯ ಲಿಫ್ಟುಗಳಲ್ಲಿ ಜಾಲರಿ ಗೇಟು ಸರಿಯಾಗಿ ಎಳೆಯದಿದ್ದರೆ ಒಬ್ಬ ಹೆಣ್ಣುಮಗಳು ಹಿಂದಿಯಲ್ಲಿ ಬಾಗಿಲು ಮುಚ್ಚಿ ಎಂದು ಬಿಡದೆ ಗೋಗರೆಯುತ್ತಾಳಲ್ಲ, "ಕೃಪಯಾ ದರ್ವಾಜಾ ಬಂದ್ ಕೀಜಿಯೇ" ಎಂದು, ಅವಳೇ. ನಾನು ಆ ದನಿ ತೆಗೆದರೆ ಬಯಲಿನಲ್ಲಿ ನಿಂತವರೂ ಹಿಂದೆ ತಿರುಗಿ ಬಾಗಿಲು ಹುಡುಕುತ್ತಿದ್ದರು.

ಭಾಲ್ಕಿಯಲ್ಲಿ ಮಾಣಿಕರಾವ್ ಎಂಬ ತೊಗರಿ ವ್ಯಾಪಾರಿ ಒಂದು ಕಾಂಪ್ಲೆಕ್ಸ್ ಕಟ್ಟಿಸಿದ್ದರು. ಅದಕ್ಕೆ ಹಾಕಿಸಿದ ಲಿಫ್ಟು ಹೈದರಾಬಾದಿನಲ್ಲಿ ಕೆಡವಿದ ಯಾವುದೋ ಹಳೆಯ ಕಟ್ಟಡದ್ದು. ಮೋಟರು ಒಂದು ಕಂಪನಿಯದು, ಕಂಟ್ರೋಲ್ ಪ್ಯಾನಲ್ ಇನ್ನೊಂದರದು, ಗೇಟು ಯಾರದೆಂದು ಗೇಟಿಗೂ ಗೊತ್ತಿರಲಿಲ್ಲ. ಮಾಣಿಕರಾಯರಿಗೆ ಮಾತ್ರ ಅದು ಕಣ್ಮಣಿ. "ಅರೇ ತಮ್ಮಾ, ಲಿಫ್ಟ್ ಏಕದಮ್ ಛಲೋ ಅದ. ನಿನಗೇ ರಿಪೇರಿ ಬರೂದಿಲ್ಲ" ಎನ್ನುತ್ತಿದ್ದರು. ಮೂಗಿನಿಂದ ಹೊರಟು ಅಡಿಕೆಯ ಮೇಲೆ ಹಾದು ಬರುವ ಅವರ ದನಿಯನ್ನು ನಾನು ಮೊದಲ ದಿನವೇ ಎತ್ತಿಕೊಂಡೆ.

ಆ ಕಟ್ಟಡದ ಮೂರನೆಯ ಮಹಡಿಯಲ್ಲಿ ಸುಜಾತಕ್ಕನ ಫಿಸಿಯೋಥೆರಪಿ ಕ್ಲಿನಿಕ್ ಇತ್ತು. ಸುಜಾತಕ್ಕ ಔರಾದಿನವಳು, ನಮ್ಮ ಓಣಿಯವಳೇ, ಶಾಲೆಯಲ್ಲಿ ನನಗಿಂತ ಎರಡು ವರ್ಷ ಮುಂದೆ. ಮೊಣಕಾಲು, ಸೊಂಟ, ಪಾರ್ಶ್ವವಾಯು ಎಂದು ಬರುವವರಿಗೆ ಮತ್ತೆ ನಡೆಯಲು ಕಲಿಸುವುದು ಅವಳ ಕೆಲಸ. ನಡೆಯಲಾಗದವರ ದವಾಖಾನೆ ಮೂರನೆಯ ಮಹಡಿಯಲ್ಲಿ! ಯಾಕೆಂದು ಕೇಳಿದರೆ, ಜಾಗ ನೋಡಲು ಹೋದಾಗ ಮಾಣಿಕರಾಯರು ಹೇಳಿದ ಮಾತನ್ನೇ ಹೇಳುತ್ತಿದ್ದಳು: "ಲಿಫ್ಟ್ ಅದ ಅಲ್ರಿ ಬಾಯಿ, ಮೂರನೇ ಮಜಲಾ ಅಂದ್ರೂ ನೆಲದ ಮ್ಯಾಲ ಇದ್ದಂಗ." ನಂಬಿದ ಅವಳು, ರೋಗಿಗಳು ಹಿಡಿದು ನಡೆಯುವ ಕಬ್ಬಿಣದ ಜೋಡಿ ಕಂಬಿಗಳನ್ನು ಅಲ್ಲಿನ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿಬಿಟ್ಟಿದ್ದಳು.

ಲಿಫ್ಟು ತಿಂಗಳಿಗೊಮ್ಮೆ ನಿಲ್ಲುತ್ತಿತ್ತು. ಇಲ್ಲಿ ಸ್ವಲ್ಪ ನಮ್ಮ ಕಸುಬಿನ ಮಾತು ಹೇಳಬೇಕು. ಪ್ರತಿ ಲಿಫ್ಟಿನಲ್ಲೂ ಸೇಫ್ಟಿ ಸರ್ಕ್ಯೂಟ್ ಎಂಬುದು ಇರುತ್ತದೆ. ಪ್ರತಿ ಮಹಡಿಯ ಬಾಗಿಲಿನ ಲಾಕು, ಒಳಗಿನ ಗೇಟು, ಲಿಫ್ಟು ತನ್ನ ಮಿತಿ ದಾಟಿ ಮೇಲಕ್ಕೋ ಕೆಳಕ್ಕೋ ಹೋಗದಂತೆ ತಡೆಯುವ ಲಿಮಿಟ್ ಸ್ವಿಚ್ಚುಗಳು, ಎಲ್ಲವೂ ಒಂದೇ ಸಾಲಿನಲ್ಲಿ ಕೈಕೈ ಹಿಡಿದು ನಿಂತಿರುತ್ತವೆ. ಒಂದು ಕೈ ಬಿಟ್ಟರೂ ಲಿಫ್ಟು ಕದಲುವುದಿಲ್ಲ. ಕೆಟ್ಟುಹೋಯಿತು ಎಂದು ನಾವು ಅದನ್ನು ಬೈಯುವ ಹೊತ್ತಿಗೆ ಅದು ನಮ್ಮ ಜೀವ ಕಾಯುತ್ತಿರುತ್ತದೆ. ಭಾಲ್ಕಿಯಲ್ಲಿ ಪ್ರತಿ ಸಲ ಕೈ ಬಿಡುತ್ತಿದ್ದುದು ತೀರಾ ಕೆಳಗಿನ ಲಿಮಿಟ್ ಸ್ವಿಚ್ಚು. ಹಸಿರು ಕಿಲುಬು ಹಿಡಿದು ಕೂತಿರುತ್ತಿತ್ತು. ಹೊಸದು ಹಾಕುತ್ತಿದ್ದೆ, ಲಿಫ್ಟು ಏಳುತ್ತಿತ್ತು. ಮುಂದಿನ ತಿಂಗಳು ಸುಜಾತಕ್ಕನ ಫೋನು: "ಸಿದ್ದು, ಮತ್ತ ನಿಂತದೋ. ಭಾತಂಬ್ರಾದಿಂದ ಶಕುಂತಲಾಬಾಯಿ ಬಂದು ಕೆಳಗ ಕುಂತಾರ. ಇವತ್ತೊಂದಿನ ನಡಿಸಿಕೊಡೋ."

ಶಕುಂತಲಾಬಾಯಿ ನಿವೃತ್ತ ಶಿಕ್ಷಕಿ, ಎರಡೂ ಮೊಣಕಾಲಿಗೆ ಆಪರೇಷನ್ ಆಗಿತ್ತು. ನನ್ನನ್ನು ಕಂಡರೆ, "ಬಂದೇನು, ಲಿಫ್ಟಿನ ಡಾಕ್ಟರಾ? ನನ್ನ ಕಾಲು ಸುಧಾರಿಸಿದವು, ನಿನ್ನ ರೋಗಿ ಇನ್ನಾ ಹಾಸಿಗಿ ಬಿಟ್ಟಿಲ್ಲ" ಎನ್ನುತ್ತಿದ್ದರು. ನಕ್ಕು ಲಿಫ್ಟಿನ ಕೆಳಗಿನ ಗುಂಡಿಗೆ ಇಳಿಯುತ್ತಿದ್ದೆ. ಲಿಫ್ಟು ಎದ್ದು ಅವರು ಮೇಲೆ ಹೋದಾಗ ನನಗೆ ಎದೆ ಎರಡು ಇಂಚು ಉಬ್ಬುತ್ತಿತ್ತು. ಆ ಉಬ್ಬೇ ನನ್ನ ರೋಗ ಎಂದು ಆಗ ತಿಳಿದಿರಲಿಲ್ಲ.

ಒಂದು ಅಮಾವಾಸ್ಯೆಯ ಬೆಳಿಗ್ಗೆ ಬೇರೆ ಕೆಲಸಕ್ಕೆ ಭಾಲ್ಕಿಗೆ ಹೋದವನು, ಚಹಾ ಕುಡಿಯೋಣವೆಂದು ಆ ಕಾಂಪ್ಲೆಕ್ಸ್ ಮುಂದೆ ನಿಂತೆ. ಮಾಣಿಕರಾಯರು ಊದುಬತ್ತಿ ಹಿಡಿದು ಲಿಫ್ಟಿನ ಮುಂದೆ ನಿಂತಿದ್ದರು. ಅಂಗಡಿಯವರು ಅಮಾವಾಸ್ಯೆಗೆ ಕಾಯಿ ಒಡೆಯುವುದು ನಮ್ಮ ಕಡೆ ಇದ್ದದ್ದೇ. ಆದರೆ ಇವರು ಒಡೆದದ್ದು ಲಿಫ್ಟಿನ ಕಬ್ಬಿಣದ ಹೊಸ್ತಿಲ ಮೇಲೆ. ಕಾಯಿಯ ನೀರೆಲ್ಲ ಹೊಸ್ತಿಲ ಸಂದಿಯಲ್ಲಿ ಇಳಿದು, ನಾನು ಹಿಂದಿನ ತಿಂಗಳು ಹಾಕಿದ ಹೊಸ ಸ್ವಿಚ್ಚಿನ ನೆತ್ತಿಯ ಮೇಲೆ ಟಪ ಟಪ ಬೀಳುವ ಸದ್ದು ನನಗೆ ಕೇಳಿಸಿತು.

"ಮಾಲಕ್ರ, ಇದು ಕೆಡೋದೇ ಈ ನೀರಿಗ್ರಿ!" ಎಂದು ಕೂಗಿದೆ. "ಕಾಯಿ ಹೊರಗ ಅಂಗಡಿ ಮುಂದ ಒಡೀರಿ, ನಿಮಗ ಕೈ ಮುಗೀತೇನಿ."

"ಹುಚ್ಚದಿಯೇನ ತಮ್ಮಾ? ಪ್ರತಿ ಅಮಾಸಿಗಿ ಕೆಡತದ, ಅದಕ್ಕೇ ಒಡೀತೇನಿ."

"ಒಡೀತೀರಿ, ಅದಕ್ಕೇ ಕೆಡತದ್ರಿ."

"ಕಾಟ ಇರೋದು ಲಿಫ್ಟಿಗಿ. ಕಾಯಿ ಅಂಗಡಿ ಮುಂದ ಒಡದ್ರ ಹ್ಯಾಂಗ ಹೋಗ್ತದ? ಮೊಣಕಾಲ ನೋವಿಗಿ ತಲಿಗಿ ಎಣ್ಣಿ ತಿಕ್ತಾರೇನು?"

ಈ ತರ್ಕಕ್ಕೆ ಡಿಪ್ಲೊಮಾದಲ್ಲಿ ಉತ್ತರ ಕಲಿಸಿಲ್ಲ. ಮರುದಿನ ಲಿಫ್ಟು ನಿಂತಿತು. ನಾನು ಸ್ವಿಚ್ಚಿನ ಮೇಲೆ ತಗಡಿನ ಸೂರು ಕಟ್ಟಿದೆ. ಮಾಣಿಕರಾಯರು ಕಾಟ ಜೋರಾಗಿದೆ ಎಂದು ಒಂದು ಕಾಯಿಯನ್ನು ಐದಕ್ಕೇರಿಸಿ, ಮೇಲೊಂದು ಕೊಡ ನೀರು ಸುರಿದು ಹೊಸ್ತಿಲು ತೊಳೆದರು. ತಗಡೂ ತುಕ್ಕು ಹಿಡಿಯಿತು. ಈಗ ನೆನೆದರೆ ನನ್ನ ಮೇಲೂ ಸಿಟ್ಟು ಬರುತ್ತದೆ. ಅವರು ತಿಂಗಳಿಗೊಮ್ಮೆ ಕಾಯಿ ಒಡೆಯುತ್ತಿದ್ದರು, ನಾನು ತಿಂಗಳಿಗೊಮ್ಮೆ ಸ್ವಿಚ್ಚು ಏರಿಸುತ್ತಿದ್ದೆ. ಹೋದ ತಿಂಗಳು ಫಲಿಸದ್ದು ಈ ತಿಂಗಳು ಫಲಿಸುತ್ತದೆ ಎಂದು ಇಬ್ಬರೂ ನಂಬಿದ್ದೆವು. ಅವರದಕ್ಕೆ ಪೂಜೆ ಎಂದೂ, ನನ್ನದಕ್ಕೆ ಸರ್ವಿಸ್ ಎಂದೂ ಹೆಸರು, ಅಷ್ಟೇ.

ದೀಪಾವಳಿ ಅಮಾವಾಸ್ಯೆಯ ಮರುದಿನ ಫೋನು ಬರಲಿಲ್ಲ. ಕಾಯಿ ಹೊರಗೆ ಒಡೆದಿರಬೇಕು, ನನ್ನ ಮಾತು ಗೆದ್ದಿತು ಎಂದು ನಮ್ಮ ಏಜೆನ್ಸಿಯ ಮಾಲೀಕರಾದ ಇಸ್ಮಾಯಿಲ್ ಭಾಯ್ ಮುಂದೆ ಮಾಣಿಕರಾಯರ ದನಿ ತೆಗೆದು, ಅವರು ನನಗೆ ಕ್ಷಮೆ ಕೇಳುವಂತೆ ಆಡಿ ತೋರಿಸಿದೆ. ಭಾಯ್ ಚಹಾ ಚೆಲ್ಲಿಕೊಂಡು ನಕ್ಕರು. ಅದರ ಮರುದಿನ ಸುಜಾತಕ್ಕ ಫೋನು ಮಾಡಿದಳು.

"ಸಿದ್ದು, ಲಿಫ್ಟು ಗೇಟ್ ತೆರಕೊಂಡೇ ಮ್ಯಾಲ ಹೋಗ್ಲತ್ತದೋ."

ಯಾರನ್ನೂ ಹತ್ತಿರ ಬಿಡಬೇಡ ಎಂದು ಕೂಗಿ ಬೈಕು ಹತ್ತಿದೆ. ಭಾಲ್ಕಿ ಮುಟ್ಟುವವರೆಗೂ ಬಾಯಿಗೆ ಬಂದದ್ದನ್ನೆಲ್ಲ ಹೆಲ್ಮೆಟ್ಟಿನೊಳಗೇ ಬೈದೆ.

ಕೆಳಗಿನ ಬೆಂಚಿನ ಮೇಲೆ ಶಕುಂತಲಾಬಾಯಿ ಕೂತಿದ್ದರು. ಪಕ್ಕದಲ್ಲಿ ಅವರ ಊರುಗೋಲು ಎರಡು ತುಂಡಾಗಿ ಬಿದ್ದಿತ್ತು. ಕೋಲು ಒಳಗಿಟ್ಟು ಇನ್ನೇನು ಕಾಲೆತ್ತಬೇಕು, ಎರಡನೆಯ ಮಹಡಿಯಲ್ಲಿ ಯಾರೋ ಬಟನ್ ಒತ್ತಿದ್ದಾರೆ. ಗೇಟು ತೆರೆದಿದ್ದಂತೆಯೇ ಲಿಫ್ಟು ಎದ್ದಿದೆ. ಕೋಲು ಸಂದಿಯಲ್ಲಿ ಸಿಕ್ಕಿ ಮುರಿದಿದೆ. ಕರೆದುಕೊಂಡು ಹೋಗಲು ಕೆಳಗೆ ಬಂದಿದ್ದ ಸುಜಾತಕ್ಕ ಅವರನ್ನು ಹಿಂದಕ್ಕೆಳೆದು ತಾನೂ ಬಿದ್ದಿದ್ದಾಳೆ. ಆ ಹೊತ್ತಿನಲ್ಲೂ ಲಿಫ್ಟಿನ ಹೆಣ್ಣುಮಗಳು "ಕೃಪಯಾ ದರ್ವಾಜಾ ಬಂದ್ ಕೀಜಿಯೇ" ಎನ್ನುತ್ತಲೇ ಮೇಲೆ ಹೋದಳಂತೆ. ಇಡೀ ಕಾಂಪ್ಲೆಕ್ಸಿನಲ್ಲಿ ಬುದ್ಧಿ ಇದ್ದವಳು ಅವಳೊಬ್ಬಳೇ.

ತಾರಸಿಯ ಮೇಲಿನ ಮಶೀನ್ ರೂಮಿಗೆ ಹೋಗಿ ಪ್ಯಾನಲ್ ತೆರೆದೆ. ಸೇಫ್ಟಿ ಸರ್ಕ್ಯೂಟಿನ ಈ ತುದಿಯಿಂದ ಆ ತುದಿಗೆ ಒಂದು ತಾಮ್ರದ ತಂತಿ ಎಳೆದಿತ್ತು. ಲಾಕು, ಗೇಟು, ಸ್ವಿಚ್ಚು ಎಲ್ಲವನ್ನೂ ಬದಿಗಿಟ್ಟು, ಲಿಫ್ಟಿಗೆ ಕಣ್ಣು ಕಟ್ಟಿ ಓಡಿಸಿದಂತೆ. ತಂತಿಗೆ ಕುಂಕುಮ ಹಚ್ಚಿತ್ತು.

ಹಿಂದಿನಿಂದ ಮಾಣಿಕರಾಯರ ದನಿ ಬಂತು. "ನೋಡ್ದೇನು? ನಾನೇ ಹಾಕೀನಿ. ನಿನಗ ವರ್ಷಾನಗಟ್ಲೆ ಆಗ್ಲಿಲ್ಲ, ನಾ ಎರಡು ಮಿನಿಟಿನ್ಯಾಗ ಮಾಡೀನಿ."

"ಕೆಳಗ ಆ ಬಾಯಾರು ಸಾಯ್ತಿದ್ರು, ಗೊತ್ತದೇನ್ರಿ?"

"ಸತ್ತಿಲ್ಲಲ್ಲ? ಕೋಲು ಹೊಸಾದು ಕೊಡಸ್ತೇನಿ, ಬಿಡು."

ನನಗೆ ಎಲ್ಲದಕ್ಕೂ ಯಾರದಾದರೂ ದನಿ ಸಿಗುತ್ತಿತ್ತು. ಅಂದು ಒಬ್ಬರದೂ ಸಿಗಲಿಲ್ಲ. ಗಂಟಲಿಂದ ಬಂದದ್ದು ನನ್ನದೇ ದನಿ. ಅದು ಅಷ್ಟು ಒರಟಾಗಿದೆ ಎಂದು ನನಗೇ ತಿಳಿದಿರಲಿಲ್ಲ. ಏನೇನು ಅಂದೆನೋ ಅಚ್ಚು ಹಾಕಿಸುವಂತಿಲ್ಲ. ಮಾಣಿಕರಾಯರು ಫೋನು ತೆಗೆದು ಇಸ್ಮಾಯಿಲ್ ಭಾಯ್‌ಗೆ ದೂರು ಕೊಟ್ಟು ಸ್ಪೀಕರ್ ಹಾಕಿದರು.

"ಸಿದ್ದು ಬೇಟಾ, ಹಳೇ ಗಿರಾಕಿ ಅದಾರ. ಜರಾ ಅಡ್ಜಸ್ಟ್ ಮಾಡ್ಕೋ" ಎಂದರು ಭಾಯ್.

"ಭಾಯ್, ಈ ಲಿಫ್ಟ್ ನಾ ಬಿಟ್ಟೀನಿ. ನೀವೂ ಬಿಡ್ರಿ. ಇಲ್ಲಾಂದ್ರ ನನ್ನ ಬಿಡ್ರಿ. ಸೇಫ್ಟಿ ತಪ್ಪಿಸಿ ತಂತಿ ಹಾಕ್ಯಾರ್ರಿ ಇವರು."

ಮೂವತ್ತು ವರ್ಷ ಲಿಫ್ಟಿನಲ್ಲೇ ಕಳೆದ ಮನುಷ್ಯನಿಗೆ ಆ ಒಂದು ಮಾತು ಸಾಕಾಯಿತು. "ಮೇನ್ ಬಂದ್ ಮಾಡು. ಫ್ಯೂಜ್ ಕಿತ್ಕೊಂಡು ಬಾ" ಎಂದರು.

ತಂತಿ ಕಿತ್ತೆ. ಫ್ಯೂಜುಗಳನ್ನು ಜೇಬಿಗೆ ಹಾಕಿಕೊಂಡೆ. ಮೇನ್ ಸ್ವಿಚ್ಚಿಗೂ ನಾಲ್ಕೂ ಕಡೆಯ ಗೇಟುಗಳಿಗೂ ಬೀಗ ಜಡಿದೆ. ಮತ್ತೆ ಓಡಿಸಿದರೆ ಎಲೆಕ್ಟ್ರಿಕಲ್ ಇನ್ಸ್‌ಪೆಕ್ಟರ್‌ಗೆ ನಾನೇ ಬರೆಯುತ್ತೇನೆ ಎಂದು ಮಾಣಿಕರಾಯರಿಗೆ ಹೇಳಿ ಇಳಿದೆ. ಒಳ್ಳೆಯ ಕೆಲಸ ಮಾಡಿದೆನೆಂಬ ಭ್ರಮೆ ಕೊನೆಯ ಮೆಟ್ಟಿಲವರೆಗೆ ಇತ್ತು. ಅಲ್ಲಿ ಸುಜಾತಕ್ಕ ನಿಂತಿದ್ದಳು.

"ನೀ ಬೀಗ ಹಾಕಿದ್ದು ಲಿಫ್ಟಿಗಲ್ಲೋ, ನನ್ನ ದವಾಖಾನಿಗಿ. ನಾಳಿಂದ ನನ್ನ ಪೇಶಂಟ್‌ಗಳು ಹ್ಯಾಂಗ ಬರ್ತಾರ? ನೀ ಹೊತ್ಕೊಂಡು ಹೋಗ್ತಿಯೇನು?"

"ಅಕ್ಕಾ, ನೀನೂ ಇದನ್ನ ಬಿಡು."

"ಎಷ್ಟು ಸಸಾರ ಹೇಳ್ತಿ! ಅಷ್ಟು ಬೋಲ್ಟ್ ಹೊಡದು ಕಂಬಿ ಕೂಡಸೀನಿ. ಭಾಲ್ಕಿಯಾಗ ಈಗೀಗ ನನ್ನ ಹೆಸರು ಹೇಳಿ ಜನ ಬರ್ಲತ್ತಾರ."

"ಬೋಲ್ಟ್ ನಾ ಬಿಚ್ಚತೇನಿ."

ಅವಳು ಮೆಟ್ಟಿಲು ಹತ್ತಿ ಹೋದಳು. ಕೆಲವು ವಾರ ಹಠ ಹಿಡಿದಳು. ಕೆಳಗಿನ ವರಾಂಡದಲ್ಲಿ ಕುರ್ಚಿ ಹಾಕಿ ರೋಗಿಗಳನ್ನು ನೋಡಿದಳು. ತೊಗರಿ ಚೀಲಕ್ಕೆ ದಾರಿ ಸಾಲದು ಎಂದು ಮಾಣಿಕರಾಯರು ಕುರ್ಚಿ ಎತ್ತಿಸಿದರು. ಮೂರನೆಯ ಮಹಡಿಯೂ ನೆಲದ ಮೇಲಿದ್ದಂತೆ ಎಂದ ಬಾಯಿಂದಲೇ, ನೆಲದ ಮೇಲೆ ಕೂರಬೇಡಿ ಎಂಬ ಮಾತು ಬಂದ ದಿನ ಸುಜಾತಕ್ಕ ನನಗೆ ಫೋನು ಮಾಡಿದಳು. "ಬೋಲ್ಟ್ ಬಿಚ್ಚೂ ಪಾನಾ ತಗೊಂಡು ಬಾ" ಎಂದಳು, ಅಷ್ಟೇ.

ಕಂಬಿಗಳನ್ನು ಬಿಚ್ಚಿ ಮೂರು ಮಹಡಿ ಇಳಿಸಿದ್ದು ನಾನೇ. ಲಿಫ್ಟ್ ಮೆಕ್ಯಾನಿಕ್ ಒಬ್ಬ ಮೆಟ್ಟಿಲ ಮೇಲೆ ಕಬ್ಬಿಣ ಹೊತ್ತು ಏದುಸಿರು ಬಿಡುವುದನ್ನು ನೋಡಲು ಚಹಾದ ಅಂಗಡಿಯೇ ಎದ್ದು ಬಂದಿತ್ತು. ಎರಡನೆಯ ಮಹಡಿಯ ತಿರುವಿನಲ್ಲಿ ನನ್ನ ಸೊಂಟ ಕಟ್ ಎಂದಿತು. ಔರಾದಿನಲ್ಲಿ, ಮೊದಲು ಬೀಜ ಗೊಬ್ಬರದ ಅಂಗಡಿಯಾಗಿದ್ದ ಕೋಣೆಯಲ್ಲಿ ಸುಜಾತಕ್ಕ ಹೊಸ ಕ್ಲಿನಿಕ್ ತೆರೆದಾಗ, ಮೊದಲ ರೋಗಿಯಾಗಿ ಮಕಾಡೆ ಮಲಗಿದವನು ನಾನೇ. ಯೂರಿಯಾದ ವಾಸನೆ ಇನ್ನೂ ಹೋಗಿರಲಿಲ್ಲ.

ಭಾಲ್ಕಿಯ ಲಿಫ್ಟು ಈಗಲೂ ಅಲ್ಲೇ ಇದೆ. ಬೀಗದ ಮುಂದೆ ಅಮಾವಾಸ್ಯೆಗೆ ಕಾಯಿ ಬೀಳುತ್ತಲೇ ಇದೆ. ಒಮ್ಮೆ ದಾರಿಯಲ್ಲಿ ಸಿಕ್ಕ ಮಾಣಿಕರಾಯರು ಹೆಮ್ಮೆಯಿಂದ ಹೇಳಿದರು: "ನೋಡ ತಮ್ಮಾ, ಈಗ ಅಮಾಸಿಗಿ ಏನೂ ಕೆಡವಲ್ದು. ಕಾಟ ಬಿಟ್ಟು ಹೋಗ್ಯಾದ." ಬಾಯಿಯವರೆಗೆ ಬಂದ ಮಾತನ್ನು ಆಡಿದ್ದರೆ ಅದು ನನ್ನ ಆಯುಷ್ಯದ ಅರ್ಧ ಗಂಟೆಯನ್ನಾದರೂ ತಿನ್ನುತ್ತಿತ್ತು. "ಖರೇ ಅದ್ರಿ" ಎಂದು ಬೈಕಿನ ಕಿಕ್ ಒದ್ದೆ. ಸಿಟ್ಟು ಹೋಗಿರಲಿಲ್ಲ, ಇವತ್ತಿಗೂ ಹೋಗಿಲ್ಲ. ಅದನ್ನು ಅವರಿಗಾಗಿ ಖರ್ಚು ಮಾಡುವುದನ್ನು ನಿಲ್ಲಿಸಿದ್ದೇನೆ.

ರಿಪೇರಿಯವನಿಗೆ ಎಲ್ಲರೂ ಕಲಿಸುವುದು ಹ್ಯಾಗಾದರೂ ನಡೆಸು ಎಂಬುದನ್ನೇ. ಯಾವುದನ್ನು ನಿಲ್ಲಿಸಬೇಕೆಂದು ಯಾರೂ ಕಲಿಸುವುದಿಲ್ಲ. ನಾನು ಮೊದಲ ತಿಂಗಳೇ ಬೀಗ ಹಾಕಿದ್ದರೆ ಸುಜಾತಕ್ಕ ಅಲ್ಲಿ ಬೇರು ಬಿಡುವ ಮೊದಲೇ ಜಾಗ ಬದಲಿಸುತ್ತಿದ್ದಳು. ನಾನು ಪ್ರತಿ ಸಲ ಎಬ್ಬಿಸಿಕೊಟ್ಟದ್ದರಿಂದಲೇ ಅವಳೂ ಶಕುಂತಲಾಬಾಯಿಯೂ ಆ ಲಿಫ್ಟನ್ನು ನಂಬಿದರು. ಈಗ ಮೂರನೆಯ ಸಲ ಅದೇ ದೂರಿಗೆ ಕರೆ ಬಂದರೆ ನಾನು ಸ್ವಿಚ್ಚು ತೆಗೆದುಕೊಂಡು ಹೋಗುವುದಿಲ್ಲ, ಬೀಗ ತೆಗೆದುಕೊಂಡು ಹೋಗುತ್ತೇನೆ.

ಹೋದ ತಿಂಗಳು ಊರಿಗೆ ಹೋದಾಗ ಕ್ಲಿನಿಕ್ಕಿಗೆ ಹಣಿಕಿ ಹಾಕಿದೆ. ಭಾತಂಬ್ರಾದಿಂದ ಎರಡು ಬಸ್ಸು ಬದಲಿಸಿ ಬಂದ ಶಕುಂತಲಾಬಾಯಿ, ಅದೇ ಕಂಬಿಗಳ ನಡುವೆ ಕೈ ಬಿಟ್ಟು ನಡೆಯುತ್ತಿದ್ದರು. ಬಾಗಿಲು ರಸ್ತೆಗೇ ತೆರೆದಿತ್ತು, ದಾಟಲು ಒಂದು ಮೆಟ್ಟಿಲೂ ಇಲ್ಲ. ಸುಜಾತಕ್ಕ ನನಗೆ ಕಣ್ಣು ಹೊಡೆದಳು. ನಾನು ಬಾಗಿಲ ಹಿಂದೆ ನಿಂತು ಆ ಹಳೆಯ ದನಿ ತೆಗೆದೆ: "ಕೃಪಯಾ ದರ್ವಾಜಾ ಬಂದ್ ಕೀಜಿಯೇ."

ಶಕುಂತಲಾಬಾಯಿ ಬೆಚ್ಚಲಿಲ್ಲ, ತಿರುಗಲೂ ಇಲ್ಲ.

"ಏ ಮಂಗ್ಯಾ, ತೆರದಂಗೇ ಇರ್ಲಿ" ಎಂದರು. "ಇದು ಎಲ್ಲಿಗೂ ಹೋಗೂದಿಲ್ಲ."