ಪಾದೆಯ ಸ್ವರ ನಿಂತ ಸಂಜೆ

ಇದು ಮೂರು ವರ್ಷಗಳ ಹಿಂದೆ, ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ನಡೆದದ್ದು. ಪುಂಜಾಲಕಟ್ಟೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಅಂಗಳದ ತುಂಬ ಮಲ್ಲಿಗೆ ಗಿಡಗಳು, ಒಟ್ಟು ಅರುವತ್ತು. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಒಂಬತ್ತೂವರೆಯ ಬಸ್ಸಿಗೆ ಕೊಡುವುದು ನನ್ನ ಕೆಲಸ. ಬಸ್ ತಪ್ಪಿದರೆ ಅವತ್ತಿನ ಹೂವೆಲ್ಲ ನಾನೇ ಮುಡಿದುಕೊಳ್ಳಬೇಕು. ಅಂಗಳದಿಂದ ಕೆಳಗೆ ಇಳಿಜಾರು, ಅದರ ಕೊನೆಗೆ ಮುರಕಲ್ಲಿನ ಪಾದೆ, ಕೆಂಪು ಜಂಬಿಟ್ಟಿಗೆಯ ಬೋಳು ಹಾಸುಬಂಡೆ. ಪಾದೆಯ ನಡುವೆ ಒಂದು ಹೊಂಡವಿದೆ. ಮಳೆಗಾಲದಲ್ಲಿ ಅದರಲ್ಲಿ ಗೇಣುದ್ದ ನೀರು ನಿಲ್ಲುತ್ತದೆ.

ನಮ್ಮ ಮನೆಯೊಳಗೆ ಮೊಬೈಲಿಗೆ ರೇಂಜ್ ಇಲ್ಲ. ಎದುರು ಗುಡ್ಡದ ಟವರ್ ಪಾದೆಯಿಂದ ಮಾತ್ರ ಕಾಣುತ್ತದೆ. ಯಾರ ಹತ್ತಿರ ಮಾತಾಡಬೇಕಾದರೂ ಕೊಡೆ ಹಿಡಿದು ಅಲ್ಲಿಗೇ ಹೋಗಬೇಕು. ಹಾಗಾಗಿ ನಮ್ಮ ಸಂಸಾರದ ಗುಟ್ಟೆಲ್ಲ ಆ ಕಲ್ಲಿಗೆ ಗೊತ್ತು. ಆ ಸಂಜೆ ತಂಗಿಯ ಮಗಳು ಅಕ್ಷತಾ ಫೋನಿನಲ್ಲಿದ್ದಳು. ಅವಳು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ನಾನು ನೆರೆಮನೆಯವರ ಜಗಳದ ಕಥೆ ಹೇಳುತ್ತಾ ಒಳ್ಳೆಯ ಘಟ್ಟಕ್ಕೆ ಬಂದಿದ್ದೆ. ಅವಳು ನಡುವೆ ಬಾಯಿ ಹಾಕಿದಳು.

"ದೊಡ್ಡಮ್ಮ, ಒಂದು ನಿಮಿಷ ಸುಮ್ಮನಿರಿ. ಹಿಂದಿನಿಂದ ಎಂತದೋ ಸ್ವರ ಬರ್ತದಲ್ಲ, ಎಂತ ಅದು?"

"ಜೀರುಂಡೆ ಮಾರಾಯ್ತಿ. ಮಳೆಗಾಲದಲ್ಲಿ ಇನ್ನೆಂತ ಕೂಗ್ತದೆ, ಕೋಗಿಲೆಯಾ?"

"ಜೀರುಂಡೆ ಅಲ್ಲ ಅದು. ಫೋನನ್ನು ಹೊಂಡದ ಹತ್ತಿರ ಹಿಡಿಯಿರಿ ನೋಡುವ."

ಹಿಡಿದೆ. ಕಾಲು ಗಂಟೆ ಬಗ್ಗಿ ನಿಂತು ಸೊಂಟ ಹಿಡಿಯಿತು. ಆ ಕಡೆಯಿಂದ ಉಸಿರಿಲ್ಲ. ಲೈನ್ ಕಟ್ಟಾಯಿತು ಎಂದುಕೊಂಡೆ. ಕೊನೆಗೆ, "ಆದಿತ್ಯವಾರ ಬರ್ತೇನೆ" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಹಬ್ಬಕ್ಕೆ ಕರೆದರೂ ಬಾರದ ಹುಡುಗಿ ಜೀರುಂಡೆಗೆ ಬೇಕಾಗಿ ಬರುತ್ತಾಳಲ್ಲ ಎಂದು ನನಗೆ ಆಶ್ಚರ್ಯ.

ಆದಿತ್ಯವಾರ ಸಂಜೆ ಇಬ್ಬರೂ ಪಾದೆಯ ಮೇಲೆ ಕೂತೆವು. ಸ್ವರ ಬಲಗಡೆಯಿಂದ ಬಂದಂತೆ ಕೇಳುತ್ತದೆ, ಅತ್ತ ಹೋದರೆ ಎಡಗಡೆಯಿಂದ. ಹತ್ತಿರ ಹೋದೊಡನೆ ಎಲ್ಲ ಮೌನ. ಅಲ್ಲಾಡದೆ ಕೂತರೆ ಪುನಃ ಶುರು. ನಾನು ಐವತ್ತು ದಾಟಿದವಳು, ಸೀರೆ ಎತ್ತಿಕಟ್ಟಿ ಒದ್ದೆ ಕಲ್ಲಿನ ಮೇಲೆ ಮಂಡಿಯೂರಿ ಹುಡುಕಿದೆ. ಯಾರಾದರೂ ನೋಡಿದ್ದರೆ ಬಂಗಾರದ ಬೆಂಡೋಲೆ ಕಳೆದುಕೊಂಡಿದ್ದಾಳೆ ಎಂದೇ ಹೇಳುತ್ತಿದ್ದರು. ಕಡೆಗೆ ಅಕ್ಷತಾ ನನ್ನ ಕೈ ಹಿಡಿದು ಪಾಚಿಯ ಮೇಲೆ ಬೆರಳು ತೋರಿಸಿದಳು.

ಒಂದು ಕಪ್ಪೆ. ನನ್ನ ಹೆಬ್ಬೆರಳಿನ ಉಗುರಿನಷ್ಟು ಇರಬಹುದು. ಮೈಬಣ್ಣ ಮುರಕಲ್ಲಿನದ್ದೇ. ಗಂಟಲು ಉಬ್ಬಿಸಿ ಕೂಗಿದಾಗಲೇ ನನಗೆ ಕಂಡದ್ದು.

"ಅಬ್ಬಾ! ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಬಾಯಿಯಾ?"

"ಕೂಗುವುದು ಗಂಡು ಮಾತ್ರ ದೊಡ್ಡಮ್ಮ. ಹೆಣ್ಣು ಸುಮ್ಮನೆ ಕೇಳ್ತದೆ, ಮನಸ್ಸಾದರೆ ಹೋಗ್ತದೆ."

"ನಮ್ಮ ಮನೆಯಲ್ಲಿ ಉಲ್ಟಾ" ಎಂದೆ. ಇಬ್ಬರೂ ನಕ್ಕೆವು. ಇದು ನಮ್ಮ ಕರಾವಳಿಯ ಮುರಕಲ್ಲಿನ ನೆಲ ಬಿಟ್ಟು ಬೇರೆ ಕಡೆ ಕಾಣುವುದೇ ಇಲ್ಲವಂತೆ. ಪಾದೆಗಳೆಲ್ಲ ಕಲ್ಲಿನ ಕೋರೆಯಾಗಿ, ಸೈಟಾಗಿ, ಈಗ ಇದು ಅಳಿದುಹೋಗುವ ಸ್ಥಿತಿಗೆ ಬಂದಿದೆಯಂತೆ. ಮದುವೆಯಾಗಿ ಬಂದಂದಿನಿಂದ ನಾನು ಜೀರುಂಡೆ ಎಂದು ಬೈದದ್ದು ಇದನ್ನು! ನನಗೆ ನಾಚಿಕೆಯೂ ಆಯಿತು, ಒಳಗೊಳಗೇ ಹೆಮ್ಮೆಯೂ ಆಯಿತು.

ಅಷ್ಟರಲ್ಲಿ ಅಕ್ಷತಾ ಹೊಂಡದ ಅಂಚಿನಿಂದ ಒಂದು ನೀಲಿ ಮುಚ್ಚಳ ಹೆಕ್ಕಿದಳು. ಮಲ್ಲಿಗೆಗೆ ಹೊಡೆಯುವ ನನ್ನ ಹುಳದ ಮದ್ದಿನ ಬಾಟಲಿಯದ್ದು.

"ದೊಡ್ಡಮ್ಮ, ಮದ್ದು ಹೊಡೆದ ಮೇಲೆ ಕ್ಯಾನ್ ಎಲ್ಲಿ ತೊಳೀತೀರಿ?"

"ಇಲ್ಲಿಯೇ. ಬಾವಿಕಟ್ಟೆಯ ಹತ್ತಿರ ತೊಳೀಲಿಕ್ಕೆ ಉಂಟಾ?"

ನಮ್ಮ ಅತ್ತೆ ಇದ್ದಾಗಿನಿಂದ ಅದೇ ಕ್ರಮ. ಮದ್ದಿನ ಸಾಮಾನು ಬಾವಿಯ ಹತ್ತಿರ ಸುಳಿಯಬಾರದು, ಎಷ್ಟೇ ಭಾರವಾದರೂ ಪಾದೆಗೆ ಹೊತ್ತುಕೊಂಡು ಹೋಗಿ ತೊಳೆಯಬೇಕು. ಅದನ್ನು ಒಂದು ದಿನವೂ ತಪ್ಪಿಸಿದವಳಲ್ಲ ನಾನು. ಅಕ್ಷತಾ ಮೆಲ್ಲ ಹೇಳಿದಳು: "ಕಪ್ಪೆ ಬಾಯಿಯಲ್ಲಿ ನೀರು ಕುಡಿಯುವುದಿಲ್ಲ ದೊಡ್ಡಮ್ಮ, ಚರ್ಮದಲ್ಲಿ ಎಳೆಯುವುದು. ನೀರಿನಲ್ಲಿ ಇರುವುದೆಲ್ಲ ಮೈಗೆ ಹೋಗ್ತದೆ. ಮೊಟ್ಟೆ ಇಡುವುದೂ ಇದರಲ್ಲೇ. ಈ ಮಳೆಗಾಲವೊಂದು ಮದ್ದು ಹೊಡೆಯುವುದು ಬೇಡ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. "ಅಷ್ಟಮಿ, ಚೌತಿ ಹತ್ತಿರ ಬಂತು. ಮೊಗ್ಗಿಗೆ ಹುಳ ಬಿದ್ದರೆ ನಿನ್ನ ಕಪ್ಪೆ ಬಂದು ಹೂ ಕಟ್ತದಾ?" ಎಂದುಬಿಟ್ಟೆ. ಅವಳು ಮನೆಗೆ ಬಂದು ಚಹಾ ಅರ್ಧ ಕುಡಿದು ಹೊರಟಳು.

ನಾಲ್ಕು ದಿನ ಕಳೆದು ಮೊಗ್ಗಿಗೆ ಹುಳ ಬಿತ್ತು. ಕೊಯ್ದ ಮೊಗ್ಗಿನಲ್ಲಿ ಅರ್ಧಕ್ಕರ್ಧ ತೂತು. ಬೇರೆ ಮಳೆಗಾಲಗಳಲ್ಲಿ ನಾಲ್ಕೈದು ಗಿಡಕ್ಕೆ ಮುಗಿಸುತ್ತಿದ್ದೆ, ಈ ಸಲ ಮಳೆ ಬಿಟ್ಟ ಹೊತ್ತು ನೋಡಿ ಅರುವತ್ತು ಗಿಡಕ್ಕೂ ಮದ್ದು ಹೊಡೆದೆ. ಆದರೆ ಅವಳ ಮಾತು ಮನಸ್ಸಿನಲ್ಲಿತ್ತು, ಸುಳ್ಳು ಹೇಳುವುದಿಲ್ಲ. ಅವತ್ತು ಕ್ಯಾನನ್ನು ಹೊಂಡಕ್ಕೆ ಕೊಂಡುಹೋಗಲಿಲ್ಲ. ಬಕೆಟಿನಲ್ಲಿ ತೊಳೆದು ನೀರನ್ನು ಗಿಡದ ಬುಡಕ್ಕೆ ಚೆಲ್ಲಿದೆ. ಹುಳಕ್ಕೂ ಆಯಿತು, ಕಪ್ಪೆಗೂ ಆಯಿತು ಎಂದು ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿದೆ.

ಮಧ್ಯಾಹ್ನದ ಮೇಲೆ ಮಳೆ ಹೊಡೆಯಿತು ನೋಡಿ! ಅಂಗಳದ ಕೆಂಪು ನೀರು ಇಳಿಜಾರಿನಲ್ಲಿ ತೋಡಿನ ಹಾಗೆ ಹರಿಯಿತು. ನಾನು ಜಗಲಿಯಲ್ಲಿ ಕೂತು ಬಾಳೆನಾರು ಸೀಳುತ್ತಾ ಅದನ್ನು ನೋಡುತ್ತಲೇ ಇದ್ದೆ. ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ತಲೆಗೆ ಹೊಳೆಯಲೇ ಇಲ್ಲ.

ಮರುದಿನ ಸಂಜೆ ಅಕ್ಷತಾಳಿಗೆ ಫೋನ್ ಮಾಡಲು ಪಾದೆಗೆ ಹೋದೆ. ನಾಲ್ಕು ಮಾತು ಆಡುವಷ್ಟರಲ್ಲಿ ಅವಳು ಕೇಳಿದಳು. "ದೊಡ್ಡಮ್ಮ, ಇವತ್ತು ಸ್ವರವೇ ಇಲ್ಲವಲ್ಲ?"

ಆಗ ನನ್ನ ಗಮನವೂ ಅತ್ತ ಹೋಯಿತು. ಒಂದೇ ಸಮನೆ ಸುರಿಯುವ ಜಿರಾಪತಿ ಮಳೆ ಕೊಡೆಯ ಮೇಲೆ ಬೀಳುವ ಸದ್ದು ಬಿಟ್ಟರೆ ಏನೂ ಇಲ್ಲ. ಹೊಂಡಕ್ಕೆ ಬಗ್ಗಿ ನೋಡಿದೆ. ಅಂಚಿನ ಹುಲ್ಲಿನಲ್ಲಿ ಎಳ್ಳುಕಾಳಿನಂಥ ಗೊದಮೊಟ್ಟೆಗಳು ರಾಶಿ ಬಿದ್ದಿದ್ದವು, ಒಂದೂ ಅಲ್ಲಾಡುತ್ತಿರಲಿಲ್ಲ. ಪಾಚಿಯ ಹತ್ತಿರ ಒಂದು ಕಪ್ಪೆ ಅಂಗಾತ ತೇಲುತ್ತಿತ್ತು. ಹೊಟ್ಟೆ ಬಿಳಿ.

"ಮಳೆ ಅಲ್ವಾ, ಅದಕ್ಕೆ ಕೂಗುದಿಲ್ಲ" ಎಂದೆ.

"ಹೌದಾ" ಎಂದಳು ಅವಳು.

ಫೋನ್ ಇಟ್ಟು ತಿರುಗಿ ನೋಡಿದರೆ ಅಂಗಳದ ಕೆಂಪು ನೀರು ಇಳಿದು ಬಂದ ಗೆರೆ ಹೊಂಡದವರೆಗೂ ಇತ್ತು. ತಿಳಿಯದೆ ಮಾಡಿದ್ದರೆ ಒಂದು ಮಾತು. ಹೇಳಿಸಿಕೊಂಡ ಮೇಲೆಯೂ ಮಾಡಿದ್ದೆ. ಮೇಲಿಂದ ಮಗುವಿನಂಥ ಹುಡುಗಿಯ ಹತ್ತಿರ ಸುಳ್ಳು ಬೇರೆ.

ಆಮೇಲೆ ಕೆಲಸಕ್ಕೆ ಇಳಿದೆ. ಅಂಗಳದ ಅಂಚಿಗೆ ತೆಂಗಿನ ಸಿಪ್ಪೆ ಮತ್ತು ಮಣ್ಣು ಒಟ್ಟಿ ಒಂದು ಕಟ್ಟೆ ಹಾಕಿದೆ. ನೀರು ಇಳಿಜಾರಿಗೆ ಹೋಗದೆ ಹಿತ್ತಿಲ ಗುಂಡಿಗೆ ತಿರುಗುವ ಹಾಗೆ ಮಾಡಿದೆ. ಮೊಗ್ಗು ಕೊಯ್ಯುವಾಗಲೇ ಹುಳ ಹೆಕ್ಕಿ ಸಾಬೂನು ನೀರಿನ ಗಿಂಡಿಗೆ ಹಾಕುವುದು ಅಭ್ಯಾಸ ಮಾಡಿಕೊಂಡೆ. ಮಳೆಗಾಲದಲ್ಲಿ ಮದ್ದು ಪೂರಾ ಬಂದ್. ಪಾದೆ ಒಣಗಿದ ಮೇಲೆ ಅಗತ್ಯ ಬಿದ್ದರೆ ಹುಳ ಬಿದ್ದ ಗಿಡಕ್ಕೆ ಮಾತ್ರ. ಹೂವು ಕಡಿಮೆಯಾಯಿತಾ ಎಂದರೆ ಹೌದು, ಆಯಿತು. ಬೆಳಿಗ್ಗೆ ಅರ್ಧ ಗಂಟೆ ಬೇಗ ಏಳಬೇಕಾಯಿತು. ನಮ್ಮ ಯಜಮಾನರು, "ಇವಳಿಗೆ ಗಂಡನಿಗಿಂತ ಕಪ್ಪೆಯ ಚಿಂತೆ ಜಾಸ್ತಿ" ಎಂದು ಬಂದವರ ಹತ್ತಿರವೆಲ್ಲ ಹೇಳಿದರು. ಹೇಳಲಿ.

ಮಾರನೆಯ ವರ್ಷ ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಮಳೆ ಹಿಡಿಯಿತು. ದಿನಾ ಸಂಜೆ ಪಾದೆಗೆ ಹೋಗಿ ಕಿವಿ ಕೊಟ್ಟು ನಿಂತೆ. ಒಂದು ವಾರ ಆಯಿತು, ಎರಡು ವಾರ ಆಯಿತು, ಹೊಂಡ ತುಂಬಿತು. ಸ್ವರ ಇಲ್ಲ. ಎಲ್ಲ ಮುಗಿಯಿತು, ಬೇರು ಸಮೇತ ಕಿತ್ತೆ ಎಂದುಕೊಂಡೆ. ಅಕ್ಷತಾ ಫೋನಿನಲ್ಲಿ ಆ ವಿಷಯ ಎತ್ತುತ್ತಲೇ ಇರಲಿಲ್ಲ. ಅದು ನನಗೆ ಇನ್ನೂ ಕಷ್ಟವಾಗುತ್ತಿತ್ತು.

ಒಂದು ಸಂಜೆ ಜೋರು ಮಳೆ. ಫೋನ್ ಮಾಡುವ ಉದ್ದೇಶವೂ ಇರಲಿಲ್ಲ, ಸುಮ್ಮನೆ ಹೋಗಿ ನಿಂತಿದ್ದೆ. ಹೊಂಡದಿಂದಲ್ಲ, ಅದರಾಚೆ ಪಾದೆಯ ಬಿರುಕಿನಿಂದ ಕೇಳಿತು. ಒಂದೇ ಒಂದು. ಕೂಗಿತು, ನಿಂತಿತು, ಪುನಃ ಕೂಗಿತು. ಅಕ್ಷತಾಳ ನಂಬರ್ ಒತ್ತಿ, ಹಲೋ ಕೂಡ ಹೇಳದೆ ಫೋನನ್ನು ಆ ಕಡೆಗೆ ಹಿಡಿದೆ.

ಆ ಕಡೆಯಿಂದ ಅವಳ ದನಿ ಬಂತು. "ಎಷ್ಟು ಉಂಟು ದೊಡ್ಡಮ್ಮ?"

"ಒಂದೇ" ಎನ್ನುವಷ್ಟರಲ್ಲಿ ನನಗೆ ಅಳು ಬಂತು. "ಅಕ್ಷತಾ, ಹೋದ ವರ್ಷ ನಾನು ನಿನ್ನ ಹತ್ತಿರ ಸುಳ್ಳು ಹೇಳಿದ್ದೆ. ಮಳೆಗೆ ಅಲ್ಲ ಅವು ಸುಮ್ಮನಾದದ್ದು. ನಾನು ಮದ್ದು ಹೊಡೆದಿದ್ದೆ."

"ನನಗೆ ಅವತ್ತೇ ಗೊತ್ತಿತ್ತು" ಎಂದಳು. "ಮಳೆ ಬಂದರೆ ಅವು ಜಾಸ್ತಿ ಕೂಗುವುದು, ದೊಡ್ಡಮ್ಮ."

ಒಂದು ವರ್ಷ ಗೊತ್ತಿದ್ದೂ ಅವಳು ಒಂದು ಮಾತು ಆಡಿರಲಿಲ್ಲ. ಬೈದಿದ್ದರೆ ನಾನು ಎರಡು ತಿರುಗಿ ಬೈದು ಹಳೇ ದಾರಿ ಹಿಡಿಯುತ್ತಿದ್ದೆನೇನೋ.

ಈಗ ಮಳೆಗಾಲದಲ್ಲಿ ಮೊಗ್ಗು ಕೊಯ್ಯುವ ಮೊದಲು ಪಾದೆಗೊಂದು ಸುತ್ತು ಹೋಗುತ್ತೇನೆ. ಕೂಗುವುದು ಕೇಳಿದರೆ ಸಾಲದು, ಹೆಣ್ಣು ಬಂತೋ ಇಲ್ಲವೋ ಕಿವಿಗೆ ತಿಳಿಯುವುದಿಲ್ಲ. ನೀರಿಗೆ ಬಗ್ಗಿಯೇ ನೋಡಬೇಕು. ಈ ವರ್ಷ ಆಟಿಯ ಒಂದು ಬೆಳಿಗ್ಗೆ ಹಾಗೆ ಬಗ್ಗಿದಾಗ ಎಳ್ಳುಕಾಳುಗಳು ಬಾಲ ಅಲ್ಲಾಡಿಸಿದವು. ಅಲ್ಲೇ ಕೂತುಬಿಟ್ಟೆ. ಅವತ್ತು ಒಂಬತ್ತೂವರೆಯ ಬಸ್ ತಪ್ಪಿತು. ಹೂವನ್ನೆಲ್ಲ ನಾನೇ ಮುಡಿದುಕೊಂಡೆ.