ಅತ್ತೆಯ ಅಂಜಿಕೆ, ನನ್ನ ಬಳೆ

ಮಕ್ಕಳೇ, ನಿಮ್ಮ ಮುತ್ತಜ್ಜಿ, ಅಂದರೆ ನನ್ನ ಅತ್ತೆ, ಸಂಡಿಗೆಗೆ ಡಂಬಳದಲ್ಲೇ ಹೆಸರಾದವರು. ಬೇಸಿಗೆಯಲ್ಲಿ ಓಣಿಯ ಹೆಂಗಸರೆಲ್ಲ ನಮ್ಮ ಮಾಳಿಗೆಯ ಮೇಲೆ ಸೇರುತ್ತಿದ್ದರು. ನಡುವೆ ಕುಳಿತು ಹಿಟ್ಟಿನ ಹದ ಹೇಳುವವರು ಅತ್ತೆ.

ವಯಸ್ಸು ಎಂಬತ್ತರ ಆಚೀಚೆ ಇದ್ದಾಗ ಒಂದು ಮಳೆಗಾಲ ಅವರು ಬಚ್ಚಲಲ್ಲಿ ಜಾರಿ ಬಿದ್ದರು. ಎಲುಬು ಮುರಿಯಲಿಲ್ಲ, ನೋವೂ ಬೇಗ ಹೋಯಿತು. ಆದರೆ ನನ್ನ ಕೈ ಹಿಡಿಯದೆ ಅಂಗಳಕ್ಕೂ ಬರದಾದರು. ಕೇಳಿದವರಿಗೆ, "ಈಕಿ ಬೀಳ್ತಾಳಂತ ನಾ ಹಿಡಕೊಂಡೀನಿ" ಎನ್ನುತ್ತಿದ್ದರು. ಬೇಸಿಗೆ ಬಂದಾಗ ಮಾಳಿಗೆಯ ಮೇಲಿನ ನಗೆಮಾತು ಕೇಳುತ್ತಾ ಕೆಳಗೇ ಮುಖ ಊದಿಸಿಕೊಂಡು ಕುಳಿತರು.

ಆಗಲೇ ಮುಂಡರಗಿಯಿಂದ ಒಬ್ಬ ನರ್ಸಬಾಯಿ ಬಂದರು. ವಯಸ್ಸಾದವರಿಗೆ ಬೀಳುವ ಅಂಜಿಕೆ ಎಷ್ಟಿದೆಯೆಂದು ಮನೆಮನೆಗೆ ಹೋಗಿ ಕೇಳುವ ಕೆಲಸ ಅವರದು. ಇಲ್ಲ, ಸ್ವಲ್ಪ, ಬಾಳ, ಇಷ್ಟರಲ್ಲಿ ಒಂದನ್ನು ಹೇಳಬೇಕು.

"ಅಮ್ಮಾರ, ಜಳಕಾ ಮಾಡುವಾಗ ಅಂಜಿಕಿ ಬರತೈತೇನ್ರಿ?"

"ಇಲ್ಲವಾ."

ನನ್ನ ಮುಂಗೈ ಮೇಲಿದ್ದ ಅತ್ತೆಯ ಹಿಡಿತ ಬಿಗಿಯಾಯಿತು.

"ಸಂತಿಗೆ ಹೋಗುವಾಗ?"

"ನನಗ್ಯಾತರ ಅಂಜಿಕಿ?"

ಇನ್ನೂ ಬಿಗಿ. ನಾನು ಅತ್ತೆಯ ಮುಂದೆ ಬಾಯಿ ಬಿಡುವವಳಲ್ಲ. ಸೆರಗು ಎಳೆದುಕೊಂಡು ನೆಲ ನೋಡುತ್ತಿದ್ದೆ.

"ಮಾಳಿಗಿ ಮೆಟ್ಟಲಾ ಹತ್ತುವಾಗ?"

"ಇಲ್ಲ ಅಂದ್ನಲ್ಲ!"

ಟಪ್ಪೆಂದು ನನ್ನ ಹಸಿರು ಬಳೆ ಒಡೆದು ಚಾಪೆಯ ಮೇಲೆ ಬಿತ್ತು.

ನರ್ಸಬಾಯಿ ಆ ಚೂರನ್ನೇ ನೋಡಿದರು. "ನಿಮ್ಮ ಬಾಯಿ ಇಲ್ಲ ಅಂತೈತಿ, ಸೊಸಿ ಬಳಿ ಬಾಳ ಅಂತೈತಿ. ಯಾವದು ಬರಕೊಳ್ಳಲ್ರಿ?"

ಅತ್ತೆ ಆ ಚೂರನ್ನು ಎತ್ತಿ ನೋಡಿ, ಹಲ್ಲಿಲ್ಲದ ಬಾಯಿ ತೆರೆದು ನಕ್ಕೇಬಿಟ್ಟರು. "ಬಳಿ ಹೇಳಿದ್ದ ಬರಕೊ ಯವ್ವಾ. ನನಗೂ ಸುಳ್ಳ ಹೇಳಿ ಸಾಕಾಗೇತಿ."

ಮರುದಿನ, ಪಕ್ಕದ ಮನೆಯಲ್ಲಿದ್ದ ಅತ್ತೆಯ ಮುಸಲ್ಮಾನ ಗೆಳತಿ ನಮ್ಮ ಮಾಳಿಗೆಯಿಂದ ಕೂಗಿದಳು: "ಅಕ್ಕಾ, ಹಿಟ್ಟು ನೀರಾಗೇತಿ. ಅಲ್ಲೇ ಕುಂತ ಬೈತೀಯೋ, ಮ್ಯಾಲ ಬಂದ ಬೈತೀಯೋ?"

ಅತ್ತೆ ಎದ್ದು ನನ್ನತ್ತ ತಿರುಗಿದರು. "ನಡಿ ಬೇ. ಅಂಜಿಕಿ ಬಾಳ ಐತಿ, ಘಟ್ಟಿ ಹಿಡಕೊ ನನ್ನ."

ಹಿಡಿದುಕೊ ಎಂದು ಅವರು ಹೇಳಿದ್ದು ಅದೇ ಮೊದಲು. "ಅಂಜಿಕಿ ಐತಿ, ಅಂಜಿಕಿ ಐತಿ" ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಲೇ ಹತ್ತಿದರು. ಮೇಲೆ ಹೋದವರೇ ಕೊಪ್ಪರಿಗೆಗೆ ಬಗ್ಗಿ, "ಇದೇನ ಸಂಡಿಗಿ ಹಿಟ್ಟೋ, ದನದ ಮುಸುರಿಯೋ!" ಎಂದರು. ಆ ಬೈಗುಳ ಕೇಳಿ ಎಲ್ಲರಿಗೂ ಹಬ್ಬವಾಯಿತು.

ಇಳಿಯುವಾಗ ಕೆಳಗೆ ನೋಡಿ ನಿಂತರು. ಆಮೇಲೆ ಸೀರೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕುಳಿತು, ಕೂಸಿನ ಹಾಗೆ ಒಂದೊಂದೇ ಮೆಟ್ಟಿಲು ಜರುಗಿದರು. "ಕುಂತಾಕಿ ಎಲ್ಲಿ ಬೀಳ್ತಾಳ?" ಎಂದು ಗೆಳತಿಯೂ ಹಿಂದೆಯೇ ಕುಳಿತಳು. ಕೊನೆಗೆ ನಾವೆಲ್ಲರೂ ಹಾಗೇ ಇಳಿದೆವು. ನಕ್ಕು ನಕ್ಕು ನನ್ನ ತಲೆಯ ಮೇಲಿನ ಸೆರಗು ಜಾರಿದ್ದು ನನಗೇ ತಿಳಿಯಲಿಲ್ಲ.

ಸಂಡಿಗೆ ಒಣಗುವ ಹೊತ್ತಿಗೆ ನರ್ಸಬಾಯಿ ಮತ್ತೆ ಬಂದರು. ಕರಿದ ಸಂಡಿಗೆ ಮುಂದಿಟ್ಟೆವು.

"ಮೆಟ್ಟಲಾ ಹತ್ತುವಾಗ ಈಗ ಹೆಂಗ್ರಿ ಅಮ್ಮಾರ?"

"ಬಾಳ ಅಂಜಿಕಿ."

"ಹಂಗಾರ ಹತ್ತೂದ ಬಿಟ್ಟೀರೇನು?"

"ಯಾಕ ಬಿಡಲಿ? ದಿನಾ ಹತ್ತತೀನಿ."

ಅವರ ಕೈ ನನ್ನ ಮುಂಗೈ ಮೇಲೇ ಇತ್ತು. ಬಳೆ ಒಂದೂ ಅಲುಗಲಿಲ್ಲ.